ನಮ್ಮ ಚಾಳಿನ ಹೀರೋ ಕಾರ್ಡುಗಳು

ನಗೆಪಾಟಲಾಗಬೇಕು ಅಂತ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ನನಗಂತೂ ಮನೆ ಬಿಡುವ ಅಗತ್ಯವೂ ಬೀಳಲಿಲ್ಲ. ಕಾಲು ಮುರಿದುಕೊಂಡು ಮಂಚದ ಮೇಲೆ ಬಿದ್ದಿದ್ದವನನ್ನು ಅದೇ ಹುಡುಕಿಕೊಂಡು ಬಂತು.

ನಾನು ಮುಂಬಯಿಯ ಜೋಗೇಶ್ವರಿಯ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಟಿಂಗ್ ಮಶೀನಿನ ಮೇಲೆ ಕೆಲಸ ಮಾಡುವವನು. ಲಗ್ನಪತ್ರಿಕೆ, ವಿಜಿಟಿಂಗ್ ಕಾರ್ಡು, ಯಾವುದೇ ಇರಲಿ, ಅಂಚು ನೇರ ಕತ್ತರಿಸಿ ಕೊಡುವುದು ನನ್ನ ಪಾಲಿನದು. ಮನೆ ಮಲಾಡಿನ ಒಂದು ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ವಠಾರದಲ್ಲಿ. ವಿಜಾಪುರದ ಕಡೆಯಿಂದ ಹದಿನೈದನೆಯ ವಯಸ್ಸಿಗೆ ಕಾಕಾನ ಬೆನ್ನು ಹತ್ತಿ ಮುಂಬಯಿಗೆ ಬಂದೆ. ಅದು ಎಂಬತ್ತರ ದಶಕ. ಯಾವ ಥೇಟರಿಗೆ ಹೋದರೂ ಕಾಲೇಜು ಹುಡುಗ ಹುಡುಗಿಯರ ಪ್ರೇಮದ ಸಿನಿಮಾ. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ನನ್ನ ಪಾಲಿಗೆ ಕಾಲೇಜು ಅಂದರೆ ಆ ಪರದೆಯ ಮೇಲೆ ಕಂಡದ್ದೇ: ಕೆಂಪು ಸ್ವೆಟರು, ಮೋಟರ್‌ಸೈಕಲ್ಲು, ಪುಸ್ತಕ ಎದೆಗವಚಿಕೊಂಡ ಹುಡುಗಿ, ವರ್ಷವಿಡೀ ಒಂದು ಪಾಠವನ್ನೂ ಮಾಡದ ಪ್ರೊಫೆಸರು.

ಹೋದ ಮಳೆಗಾಲದಲ್ಲಿ ಚಾಳಿನ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಆರು ವಾರ ಪ್ಲಾಸ್ಟರು. ಮೂರನೆಯ ದಿನದ ಹೊತ್ತಿಗೆ ನಾನು ಮಂಚದ ಮೇಲಿಂದಲೇ ಹೆಂಡತಿಗೆ ಸಾರಿಗೆ ಎಷ್ಟು ಉಪ್ಪು ಹಾಕಬೇಕು ಅಂತ ಹೇಳಿಕೊಡತೊಡಗಿದ್ದೆ. ಅವಳು ಮನೆಯಲ್ಲೇ ಬ್ಲೌಸು ಹೊಲಿಯುವವಳು. ಕೈಯಲ್ಲಿದ್ದ ಕತ್ತರಿ ಕೆಳಗಿಡದೆಯೇ ಹೇಳಿದಳು: "ಏನರ ಒಂದು ಕೆಲಸ ಹಚ್ಚಿಕೋರಿ. ಇಲ್ಲಾಂದ್ರ ಆ ಇನ್ನೊಂದು ಕಾಲಿಗೆ ನಾ ಜವಾಬ್ದಾರಳಲ್ಲ."

ಮರುದಿನವೇ ಪ್ರೆಸ್ಸಿನ ಸೇಠ್ ನೋಡಲು ಬಂದರು. ಹಣ್ಣಿನ ಜೊತೆಗೆ ಕತ್ತರಿಸಿ ಉಳಿದ ದಪ್ಪ ಕಾಗದದ ಒಂದು ಗಂಟು ತಂದಿದ್ದರು. "ನಿನ್ನ ಮಶೀನು ಎಲ್ಲೂ ಹೋಗೋದಿಲ್ಲ, ನೀನು ಬರೋ ತನಕ ನಾನೇ ನಿಂತು ಕತ್ತರಿಸ್ತೀನಿ. ಅಲ್ಲಿವರೆಗೆ ಇದರಲ್ಲಿ ಏನಾದರೂ ಆಟ ಆಡಿಕೋ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಆದರೆ ಆಟ ಆಡಿಕೋ ಅಂದದ್ದನ್ನು ನಾನು ಇಷ್ಟು ನಿಜವಾಗಿ ತೆಗೆದುಕೊಳ್ಳುತ್ತೇನೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ.

ಮಗಳು ಚಿಕ್ಕವಳಿದ್ದಾಗ ಕುಸ್ತಿಪಟುಗಳ ಚಿತ್ರದ ಟ್ರಂಪ್ ಕಾರ್ಡು ಆಡುತ್ತಿದ್ದಳು. ಮೇಲೆ ಚಿತ್ರ, ಕೆಳಗೆ ಎತ್ತರ ಇಷ್ಟು, ತೂಕ ಇಷ್ಟು ಅಂತ ಅಂಕಿ. ಇಬ್ಬರೂ ಒಂದೊಂದು ಎಲೆ ಬಿಡುವುದು, ಯಾರ ಅಂಕಿ ದೊಡ್ಡದೋ ಅವರಿಗೆ ಎರಡೂ ಎಲೆ. ನಾನು ಅದೇ ಲೆಕ್ಕದಲ್ಲಿ ನನ್ನ ಕಾಲದ ಸಿನಿಮಾದವರನ್ನು ಇಳಿಸಿದೆ. ಹೀರೋ, ಹೀರೋಯಿನ್, ಹೀರೋನ ಪೆದ್ದ ಗೆಳೆಯ, ಕ್ಯಾಂಟೀನಿನವನು. ಕೆಳಗೆ ಅಂಕಿ: ಕೂದಲು, ಓದು, ಹಾಡು, ಅಳು, ಮನೆ ಬಿಟ್ಟು ಓಡುವ ಧೈರ್ಯ. ನಟರ ಮುಖವನ್ನು ಬರೆಯಲಿಲ್ಲ. ಬರೆಯಬಾರದು ಅಂತಲ್ಲ, ನನ್ನ ಕೈಗೆ ಯಾರ ಮುಖವೂ ಬರುತ್ತಿರಲಿಲ್ಲ.

ಮೂರು ಗಾಲಿಯ ಹೀರೋ

ಮೊದಲ ಕಾರ್ಡು ಹೀರೋನದು. ಮೋಟರ್‌ಸೈಕಲ್ ಮೇಲೆ ಒರಗಿ ಕೂತು ದೂರ ನೋಡುವ ಭಂಗಿ. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಯಾರೋ ಎಮ್ಮೆಯ ಮೇಲೆ ಕೂತ ಹಾಗೆ ಬಂತು. ಎದುರಿಗೆ ಒಬ್ಬರು ಕೂತರೆ ನೋಡಿ ಬರೆಯಬಹುದಿತ್ತು.

ನಮ್ಮ ಪಕ್ಕದ ಖೋಲಿಯಲ್ಲಿ ಕಲಬುರಗಿ ಕಡೆಯ ಚಾಚಾ ಇದ್ದಾರೆ. ಜೀವನವಿಡೀ ರಿಕ್ಷಾ ಓಡಿಸಿ ಈಗ ಆರಾಮಾಗಿದ್ದಾರೆ. ನಾನು ಬಿದ್ದ ದಿನ ನನ್ನನ್ನು ಹೊತ್ತು ಆಸ್ಪತ್ರೆಗೆ ಒಯ್ದವರೂ ಅವರೇ. ಹೀರೋ ಆಗುತ್ತೀರಾ ಅಂತ ಕೇಳಿದ್ದೇ ತಡ, "ನನ್ನ ಬೀವಿ ಸಾಯೂತನಕ ಒಮ್ಮೆನೂ ನನ್ನ ಹಿಂಗ ಕೇಳಲಿಲ್ಲ ನೋಡು ತಮ್ಮಾ" ಅಂತ ಎದ್ದರು. ನನ್ನ ಮಗಳ ಕೆಂಪು ಸ್ವೆಟರನ್ನು ಹೇಗೋ ಎಳೆದು ತೊಟ್ಟರು. ಬಿಳಿ ಗಡ್ಡ ಬಾಚಿಕೊಂಡರು. ಚಾಳಿನ ಅಂಗಳದಲ್ಲಿ ಯಾರದೋ ಮೋಟರ್‌ಸೈಕಲ್ ನಿಂತಿತ್ತು. ನನ್ನನ್ನು ಕುರ್ಚಿ ಸಮೇತ ಬಾಗಿಲಿಗೆ ತಂದು ಕೂರಿಸಿದರು. ಚಾಚಾ ಕಾಲು ಎತ್ತಿ ಹಾಕಿ, ಹಿಂದಕ್ಕೆ ಒರಗಿ, ಮುನಸಿಪಾಲ್ಟಿಯ ನಲ್ಲಿಯ ಕಡೆ ದೂರ ನೋಡಿದರು.

ಭಂಗಿ ಅದ್ಭುತವಾಗಿತ್ತು. ನಾನು ಗಡಿಬಿಡಿಯಲ್ಲಿ ಗೀಚಿದೆ. ನಾಲ್ಕು ನಿಮಿಷವಾಯಿತು. "ಚಾಚಾ, ಆತು, ಇಳೀರಿ" ಅಂದೆ. ಚಾಚಾ ಅಲ್ಲಾಡಲಿಲ್ಲ. ಇನ್ನೂ ಪಾತ್ರದಲ್ಲೇ ಇದ್ದಾರೆ ಅಂದುಕೊಂಡೆ. ಆಮೇಲೆ ನೋಡಿದರೆ ತುಟಿ ಮಾತ್ರ ಅಲ್ಲಾಡುತ್ತಿದೆ: "ನಡ ಹಿಡದೈತಿ."

ಅಷ್ಟರಲ್ಲಿ ಗಾಡಿಯ ಮಾಲೀಕ ಬಂದ. ಬೈಯುತ್ತಾನೆ ಅಂದುಕೊಂಡರೆ, ಪಾಪ, ಅವನೂ ಕೈ ಹಚ್ಚಿದ. ನಾಲ್ಕು ಜನ ಸೇರಿ ಹೀರೋನನ್ನು ಕೂತ ಭಂಗಿಯಲ್ಲೇ ಎತ್ತಿ ಒಳಗೆ ಒಯ್ದರು. ಹೆಂಡತಿ ಬಿಸಿ ನೀರಿನ ಚೀಲ ಕೊಟ್ಟಳು. ಚಾಚಾ ನಿಟ್ಟುಸಿರು ಬಿಟ್ಟರು: "ಮೂರು ಗಾಲಿ ಮ್ಯಾಲೆ ನಲವತ್ತು ವರ್ಷ ಏನೂ ಆಗಲಿಲ್ಲ. ಎರಡು ಗಾಲಿ ಮ್ಯಾಲೆ ನಾಕು ನಿಮಿಷ ಕುಂತೆ. ಅದೂ ಸ್ಟಾರ್ಟ್ ಆಗಿದ್ದಿಲ್ಲ."

ಕೆಮ್ಮುವ ತಾಯಿ

ಹೀರೋ ಬಡವನಾದರೆ ಅವನಿಗೊಬ್ಬಳು ತಾಯಿ ಬೇಕು. ಆ ತಾಯಿಗೆ ಹೊಲಿಗೆ ಮಶೀನು ಮತ್ತು ಕೆಮ್ಮು ಎರಡೂ ಬೇಕು. ಹಾಗೆ ಒಂದು ಕಾರ್ಡು ಬರೆದೆ. ತ್ಯಾಗ: ನೂರು. ಕೆಮ್ಮು: ತೊಂಬತ್ತು. ಮಗನಿಗೆ ಗಜ್ಜರಿ ಹಲ್ವಾ: ನೂರು. ಬರೆದು ಮುಗಿಸಿ ಹೆಂಡತಿಗೆ ತೋರಿಸಿದೆ.

ಸ್ವಲ್ಪ ಅಂಜಿಕೆಯೂ ಇತ್ತು. ಯಾಕೆಂದರೆ ಹಿಂದೊಮ್ಮೆ ಪ್ರೆಸ್ಸು ಏಳು ತಿಂಗಳು ಬಾಗಿಲು ಹಾಕಿದಾಗ ಈ ಮನೆ ನಡೆದದ್ದು ಅವಳ ಮಶೀನಿನ ಸಪ್ಪಳದ ಮೇಲೆ. ಆಗ ನಾನು ಬಟನ್ ಹಚ್ಚುತ್ತಿದ್ದೆ, ಅವಳು ಬಿಚ್ಚಿ ಮತ್ತೆ ಹಚ್ಚುತ್ತಿದ್ದಳು. ಅವಳಿಗೆ ಒಂದು ದಿನವೂ ನಾನು ಋಣದ ಮಾತು ಆಡಿದವನಲ್ಲ. ಈ ಕಾರ್ಡು ನೋಡಿ ಅವಳಿಗೆ ಅರ್ಥವಾದೀತು, ಕಣ್ಣು ತೇವವಾದೀತು ಅಂತ ಒಳಗೊಳಗೇ ಆಸೆ.

ಅವಳು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಯಾರನ್ನ ನೋಡಿ ಬರದದ್ದು ಗೊತ್ತಾತಿಲ್ಲೋ?" ಅಂತ ಕೇಳಿದೆ.

"ಅದು ಗೊತ್ತಾತು ಬಿಡ್ರಿ" ಅಂದಳು. ದನಿ ಮೆತ್ತಗಿತ್ತು. ಆಮೇಲೆ ಬೆರಳಿಟ್ಟು ತೋರಿಸಿದಳು: "ಆದ್ರ ಸೂಜಿ ಈ ಕಡೆ ಐತಿ, ಗಾಲಿ ಈ ಕಡೆ ಐತಿ, ನಡುವ ದಾರನ ಇಲ್ಲ. ಮೂವತ್ತು ವರ್ಷ ಕಣ್ಣಮುಂದ ಮಶೀನ್ ಐತಿ, ಒಂದ್ ಸಲನೂ ನೋಡಿಲ್ಲೇನು? ಇಂಥಾ ಮಶೀನ್ ಮ್ಯಾಲೆ ಹೊಲದ್ರ ಪಾಪ, ಆಕಿಗೆ ಕೆಮ್ಮು ಬರದ ಇನ್ನೇನು ಬರತೈತಿ?"

ಹಿಂಬದಿಯ ಆಮಂತ್ರಣ

ಸೇಠ್ ಕೊಟ್ಟ ಗಂಟಿನಲ್ಲಿ ಲಗ್ನಪತ್ರಿಕೆಯ ಒಳಗೆ ಇಡುವ ಅಂಗೈಯಗಲದ ಚೀಟಿಗಳೂ ಇದ್ದವು. ಸ್ವಾಗತ ಸಮಾರಂಭ ಇಂಥ ದಿನ, ಇಂಥ ಮದುವೆ ಹಾಲ್‌ನಲ್ಲಿ ಅಂತ ಮರಾಠಿಯಲ್ಲಿ ಅಚ್ಚಾದವು. ಮದುಮಗನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದ್ದರಿಂದ ಬೇರೆ ಅಚ್ಚು ಹಾಕಿ, ಇವನ್ನು ರದ್ದಿಗೆ ಹಾಕಿದ್ದರು. ನುಣುಪಾದ, ಗಟ್ಟಿ ಕಾಗದ. ಖಾಲಿ ಬೆನ್ನಿನ ಮೇಲೆ ನಾನು ಚಿತ್ರ ಬರೆದೆ. ಅಚ್ಚಾದ ಬದಿಗೆ ಬಿಳಿ ಕಾಗದ ಅಂಟಿಸಬೇಕಾಗಿತ್ತು. ಒಂದೆರಡಕ್ಕೆ ಅಂಟಿಸಲು ಬೇಸರ ಬಂತು.

ಕೊನೆಯ ಖೋಲಿಯಲ್ಲಿ ಉಡುಪಿ ಕಡೆಯ ಒಬ್ಬ ಹೆಂಗಸು ಇದ್ದಾರೆ, ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಚಾಳಿನವರೆಲ್ಲ ಅವರನ್ನು 'ಬಾಯಿ' ಅಂತಲೇ ಕರೆಯುವುದು. ನನ್ನ ಪ್ಲಾಸ್ಟರು ನೋಡಲು ದಿನಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಅವರಿಗೆ ಹೀರೋನ ತಂಗಿಯ ಚಿತ್ರ ಇಷ್ಟವಾಯಿತು. "ಎಷ್ಟು ಪಾಪದ ಹುಡುಗಿ ಮಾರಾಯ್ರೇ" ಅಂದರು. ಇಟ್ಟುಕೊಳ್ಳಿ, ಕಾಗದ ನಮ್ಮ ಸೇಠ್ ಕೊಟ್ಟದ್ದು ಅಂತ ಹೇಳಿ ಕೊಟ್ಟೆ.

ಸೋಮವಾರ ಮುಂಜಾನೆ ಬಂದರು. ತಲೆಯಲ್ಲಿ ಇನ್ನೂ ಮಲ್ಲಿಗೆ.

"ನೀವು ಯಾಕೆ ಬರಲಿಲ್ಲ? ಕಾಲು ಮುರಿದದ್ದು ನಿಮಗೆ, ನಿಮ್ಮ ಹೆಂಡತಿಗೆ ಏನಾಗಿತ್ತು?"

"ಎಲ್ಲಿಗ್ರಿ?"

"ಎಲ್ಲಿಗೆ ಅಂದರೆ? ನಿಮ್ಮ ಸೇಠ್‌ರ ಮನೆಯ ಮದುವೆಗೆ! ಕಾರ್ಡಿನ ಹಿಂದೆ ಹಾಲ್‌ನ ಹೆಸರು, ಹೊತ್ತು ಎಲ್ಲ ಅಚ್ಚಾಗಿತ್ತಲ್ಲ. ಬಾಯಲ್ಲಿ ಕರೆಯಲು ಸಂಕೋಚ ಪಟ್ಟು ಹೀಗೆ ಮಾಡಿದ್ದಾರೆ ಅಂತ ಎಣಿಸಿದೆ."

ನಾನು ಮತ್ತು ಹೆಂಡತಿ ಮುಖ ಮುಖ ನೋಡಿಕೊಂಡೆವು. ಬಾಯಿ ಗೋಡೆ ಗಡಿಯಾರ ಒಯ್ದು ಕೊಟ್ಟಿದ್ದರು. ವೇದಿಕೆ ಹತ್ತಿ ಮದುಮಕ್ಕಳ ನಡುವೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಮದುಮಗಳಿಗೆ ಸೆಖೆಗೆ ತಲೆ ಸುತ್ತಿದಾಗ, ಆಸ್ಪತ್ರೆಯ ಅನುಭವ ಇದ್ದವರಲ್ಲವೇ, ಕೂರಿಸಿ ಲಿಂಬೆ ಶರಬತ್ತು ಕುಡಿಸಿ ಸರಿ ಮಾಡಿದ್ದರು. ಹುಡುಗಿಯ ತಾಯಿ ಅವರನ್ನು ಹುಡುಗನ ಸೋದರತ್ತೆ ಅಂತ ತಿಳಿದು ಕಾಲಿಗೆ ಬಿದ್ದು, ಸೀರೆ ಕೊಟ್ಟು ಕಳಿಸಿದ್ದಳು.

ನಾನು ಹೆದರುತ್ತಲೇ ನಿಜ ಹೇಳಿದೆ: ಆ ಮದುವೆ ಯಾರದೋ ನನಗೂ ಗೊತ್ತಿಲ್ಲ, ಅದು ರದ್ದಿ ಕಾಗದ. ಬಾಯಿ ಗಲ್ಲಕ್ಕೆ ಬೆರಳಿಟ್ಟರು.

"ಹೋಗಲಿ ಬಿಡಿ, ಊಟ ಭಾರೀ ಲಾಯ್ಕ ಇತ್ತು" ಅಂತ ಎದ್ದರು. ಬಾಗಿಲಲ್ಲಿ ತಿರುಗಿ ನಿಂತರು: "ಇನ್ನೊಂದು ಕೊಡುವಾಗ ಚಿತ್ರ ಹೇಗಿದ್ದರೂ ತೊಂದರೆ ಇಲ್ಲ. ಹಿಂದೆ ಹಾಲ್‌ನ ಅಡ್ರೆಸ್ ಸರಿಯಾಗಿ ಇರಲಿ."

ಪಾಸು

ಪ್ಲಾಸ್ಟರು ತೆಗೆದು, ಕೋಲು ಹಿಡಿದು ನಾನು ಕೆಲಸಕ್ಕೆ ಹೊರಟ ಮೊದಲ ದಿನ. ಲೋಕಲ್ ರೈಲಿನಲ್ಲಿ ಪರಿಚಯವಿಲ್ಲದವನೊಬ್ಬ ಎದ್ದು ಜಾಗ ಕೊಟ್ಟ. ಮುಂಬಯಿಯಲ್ಲಿ ಇದಕ್ಕಿಂತ ದೊಡ್ಡ ದಾನವಿಲ್ಲ. ಆ ಖುಷಿಯಲ್ಲೇ ಜೋಗೇಶ್ವರಿಯಲ್ಲಿ ಇಳಿದೆ. ಬ್ರಿಜ್ಜಿನ ಮೇಲೆ ಟಿಕೆಟ್ ತಪಾಸಣೆಯ ಟೀಸಿ ನಿಂತಿದ್ದರು.

"ಪಾಸ್?"

ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಗತ್ತಿನಿಂದ ಹಿಡಿದೆ. ಅವರು ನೋಡಿದರು. ಹತ್ತಿರ ತಂದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಪಾಸು ಅಲ್ಲಿರಲಿಲ್ಲ. ಅದೇ ಅಳತೆಯ ನನ್ನ ಕಾರ್ಡು ಇತ್ತು: 'ಪರೀಕ್ಷೆಯಲ್ಲಿ ಫೇಲಾದ ಹೀರೋ'. ಕೆಳಗೆ ಅಂಕಿ: ಕೂದಲು ತೊಂಬತ್ತೈದು, ಓದು ಮೂರು. ಮಗಳ ಗೆಳತಿಯರಿಗೆ ಓದಲು ಬರಲಿ ಅಂತ ಆ ಕಾರ್ಡಿನ ಮೇಲೆ ಹಿಂದಿಯಲ್ಲೂ ಬರೆದಿದ್ದೆ. ಟೀಸಿ ಸಾವಕಾಶ ಓದಿ ಹಿಂದಿಯಲ್ಲೇ ಹೇಳಿದರು: "ಅಂಕಲ್, ನಾನು ಕೇಳಿದ್ದು ಪಾಸು. ನೀವು ಫೇಲು ತೋರಿಸ್ತಾ ಇದ್ದೀರಿ."

ಮನೆಗೆ ಫೋನು ಮಾಡಿದೆ. ಹೆಂಡತಿ ಹುಡುಕಿ, ಪಾಸು ಕಾರ್ಡಿನ ಕಟ್ಟಿನೊಳಗೆ ಇದೆ ಅಂದಳು. ರಾತ್ರಿ ಆಡುವಾಗ ಮಗಳು ಅದನ್ನೇ ಒಂದು ಎಲೆ ಅಂತ ಬಿಟ್ಟು, ಪಾಸಿನ ನಂಬರು ದೊಡ್ಡದಿದ್ದುದರಿಂದ ತಾಯಿಯನ್ನು ಸೋಲಿಸಿದ್ದಳಂತೆ.

ಟೀಸಿ ಪ್ರಾಮಾಣಿಕ ಮನುಷ್ಯ. ಡ್ಯೂಟಿ ಅಂದರೆ ಡ್ಯೂಟಿ ಅಂತ ದಂಡದ ರಸೀದಿ ಹರಿದರು. ನನ್ನ ಕೋಲು ನೋಡಿ, ತಾವೇ ಕೈ ಹಿಡಿದು ಮೆಟ್ಟಿಲು ಇಳಿಸಿ, ಕೆಳಗಿನ ಅಂಗಡಿಯಲ್ಲಿ ಚಹಾನೂ ಕುಡಿಸಿದರು. ಚಹಾ ಕುಡಿಯುತ್ತ ಇನ್ನೊಮ್ಮೆ ಆ ಕಾರ್ಡು ಇಸಿದುಕೊಂಡು ನೋಡಿದರು. ತಮ್ಮ ಬೋಳು ತಲೆ ಸವರಿಕೊಂಡರು.

"ಕಾಲೇಜಿನಲ್ಲಿ ನಂದೂ ಹೀಗೇ ಇತ್ತು. ಕೂದಲು ತೊಂಬತ್ತೈದು, ಓದು ಮೂರು" ಅಂದರು. "ಓದು ಹಾಗೇ ಉಳೀತು. ಕೂದಲು ಹೋಯ್ತು."

ಕಲಾರಸಿಕ

ಮಗಳು ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಾಳೆ. ಒಂದು ದಿನ ಕಾರ್ಡುಗಳನ್ನು ಅಲ್ಲಿಗೆ ಒಯ್ದಿದ್ದಳು. ಆ ಭಾನುವಾರ ಅವಳ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಮನೆಗೆ ಬಂದ. ವಿಲೆ ಪಾರ್ಲೆಯವನು, ಮೂಲ ಹುಬ್ಬಳ್ಳಿ ಕಡೆ. "ಅಂಕಲ್, ನಿಮ್ಮ ಕಲಾ ನೋಡಬೇಕಂತ ಬಂದೆ" ಅಂತ ತಡವರಿಸಿ ಕನ್ನಡದಲ್ಲೇ ಹೇಳಿದ. ನನ್ನ ಗೀಚಾಟವನ್ನು ಕಲೆ ಅಂದವರು ಅದೇ ಮೊದಲು.

ಒಂದೊಂದೇ ಕಾರ್ಡು ಬಿಡಿಸಿ ಹೇಳಿದೆ. ಬೀಗ ಹಾಕಿದ ಫೋನಿನ ಚಿತ್ರಕ್ಕೆ ಬಂದಾಗ ಅವನು ನಿಂತ.

"ಫೋನಿಗೆ ಬೀಗ ಯಾಕೆ ಅಂಕಲ್?"

"ಮಗಳು ಹುಡುಗನಿಗೆ ಫೋನ್ ಮಾಡಬಾರದಂತ."

"ಪಾಸ್‌ವರ್ಡ್ ಇರಲಿಲ್ಲವಾ?"

"ಇತ್ತಲ್ಲ. ಅಪ್ಪನ ಜನಿವಾರಕ್ಕೋ ಉಡದಾರಕ್ಕೋ ಕಟ್ಟಿರತಿತ್ತು."

ಬಿದ್ದು ಬಿದ್ದು ನಕ್ಕ. ಮುಂದಿನ ಭಾನುವಾರವೂ ಬಂದ. ಅದರ ಮುಂದಿನದೂ. ಅವೇ ಕಾರ್ಡು, ಅದೇ ಗಮನ. ನಾಲ್ಕನೆಯ ಸಲ ಅವನು ಹೋದ ಮೇಲೆ ನಾನು ಹೆಂಡತಿಗೆ ಹೇಳಿದೆ: "ಈಗಿನ ಹುಡುಗರಾಗೂ ಎಂಥಾ ಕಲಾರಸಿಕರ ಅದಾರ ನೋಡು. ಒಂದೊಂದು ಚಿತ್ರ ಹತ್ತತ್ತು ನಿಮಿಷ ನೋಡತಾನ."

"ಹೌದು ಹೌದು. ಆದ್ರ ಕಾರ್ಡ್ ತಲಿಕೆಳಗ ಹಿಡದಿದ್ದ" ಅಂದಳು ಹೆಂಡತಿ.

ಮಗಳು ಅಡಿಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಆಗ ನನಗೆ ತಿಳಿಯಿತು. ಹದಿನೈದು ವರ್ಷದವನಿದ್ದಾಗಿನಿಂದ ಪ್ರತಿ ಸಿನಿಮಾದಲ್ಲೂ ಪ್ರೇಮಿಗಳ ಕಡೆ ನಿಂತು ಸೀಟಿ ಹೊಡೆದವನು ನಾನು. ಈಗ ಏನಾಯಿತೋ, ತಟ್ಟನೆ ಎದ್ದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿದೆ, ಸಿನಿಮಾದ ಶ್ರೀಮಂತ ಅಪ್ಪಂದಿರ ಹಾಗೆ ಗಂಭೀರವಾಗಿ ಕಿಟಕಿಯ ಹೊರಗೆ ನೋಡುತ್ತ ನಿಂತೆ.

ಹೆಂಡತಿ ಹೇಳಿದಳು: "ಕಿಟಕಿ ಬಿಟ್ಟು ಈ ಕಡೆ ಬರ್ರಿ. ಅಲ್ಲಿ ಸಾರ್ವಜನಿಕ ಪಾಯಖಾನಿ ಐತಿ. ಹೆಣ್ಣಮಕ್ಕಳು ಏನಂದಾರು?"

ಹುಡುಗಿಯ ಅಪ್ಪ

ಹುಡುಗ ಒಳ್ಳೆಯವನು. ಎರಡು ದಿನದಲ್ಲಿ ನಾನು ಕರಗಿದೆ. ತೊಡಕು ಇದ್ದದ್ದು ಅವನ ಅಪ್ಪನದು. ಗೋಡೌನೊಂದರ ಸೆಕ್ಯುರಿಟಿ ಸುಪರ್‌ವೈಸರ್ ಆಗಿ ನಿವೃತ್ತರಾದವರು. "ಲವ್ ಮ್ಯಾರೇಜ್ ಸಿನಿಮಾದಾಗ ನೋಡಾಕ ಚಂದ" ಅಂತ ಒಂದೇ ಮಾತಿನಲ್ಲಿ ಬಾಗಿಲು ಹಾಕಿದ್ದರು. ಮಗಳು ಮೂರು ವಾರ ಸರಿಯಾಗಿ ಊಟ ಮಾಡಲಿಲ್ಲ. ಕಡೆಗೆ ಹುಡುಗ ಹೇಗೋ ಒಪ್ಪಿಸಿ, ಒಂದು ಸಲ ಮನೆ ನೋಡಿ ಬರಲು ಅಪ್ಪ ಅಮ್ಮನನ್ನು ಕರೆದುಕೊಂಡು ಬಂದ. ಒಂದೇ ಒಂದು ಸಲ ಅಂತ ಕರಾರು.

ಹುಡುಗನ ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ನಾನು ನಮಸ್ಕಾರಕ್ಕೆ ಎತ್ತಿದ ಕೈ ಇಳಿಸುವುದನ್ನೇ ಮರೆತೆ. ದಪ್ಪ ಮೀಸೆ, ಒಂದಕ್ಕೊಂದು ಕೂಡಿದ ಹುಬ್ಬು, ಎಡಗಲ್ಲದ ಮೇಲೆ ದೊಡ್ಡ ಮಚ್ಚೆ. ನಾನು ತಿಂಗಳುಗಳ ಹಿಂದೆ, ಇವರನ್ನು ಕಾಣದೆಯೇ, 'ಹುಡುಗಿಯ ಅಪ್ಪ' ಅನ್ನುವ ಖಳನಾಯಕನ ಕಾರ್ಡು ಬರೆದಿದ್ದೆ. ಜೀವನದಲ್ಲಿ ನನ್ನ ಕೈಗೆ ಒಂದೇ ಒಂದು ಮುಖ ಸರಿಯಾಗಿ ಬಂದಿದ್ದರೆ ಅದು ಇದು. ಮಚ್ಚೆ ಸಮೇತ.

ಹೆಂಡತಿಗೂ ಹೊಳೆಯಿತು. ಟೀಪಾಯಿಯ ಮೇಲಿದ್ದ ಕಾರ್ಡಿನ ಕಟ್ಟನ್ನು ಎತ್ತಿ ದಿವಾನಿನ ಗಾದಿಯ ಕೆಳಗೆ ತುರುಕಿದಳು. ಅವರು ನೆಟ್ಟಗೆ ಹೋಗಿ ಅದರ ಮೇಲೆಯೇ ಕೂತರು. ಅವಲಕ್ಕಿ ಬಂತು, ಚಹಾ ಬಂತು, ಮಾತು ಮಾತ್ರ ಬರಲಿಲ್ಲ. ಅವರು ಒಮ್ಮೆ ಎಡಕ್ಕೆ ಸರಿದರು, ಒಮ್ಮೆ ಬಲಕ್ಕೆ. ಕಡೆಗೆ ಕೈ ಹಾಕಿ ಕಟ್ಟನ್ನು ಹೊರಗೆ ಎಳೆದರು.

"ಇದೇನು?"

"ಅಪ್ಪಾ, ಅವು ಅಂಕಲ್ ಮಾಡಿದ ಕಾರ್ಡು" ಅಂತ ಹುಡುಗ ಇಸಿದುಕೊಳ್ಳಲು ಹೋದ. ಸೆಕ್ಯುರಿಟಿಯಲ್ಲಿ ದುಡಿದವರು. ಸಿಕ್ಕ ವಸ್ತು ತಪಾಸಣೆ ಮಾಡದೆ ಬಿಡುತ್ತಾರೆಯೇ? ಒಂದೊಂದೇ ಎಲೆ ತಿರುವತೊಡಗಿದರು. ಪ್ರತಿ ಎಲೆಗೂ ನನ್ನ ಮಗಳ ಮುಖ ಒಂದೊಂದು ಬಣ್ಣ ಕಳೆದುಕೊಳ್ಳುತ್ತಿತ್ತು. ಹೀರೋ ಹೋದ. ತಾಯಿ ಹೋದಳು. ಪ್ರೊಫೆಸರು ಹೋದರು. ಆಮೇಲೆ ಅವರ ಕೈ ನಿಂತಿತು.

ತಮ್ಮ ಮುಖವನ್ನು ತಾವೇ ನೋಡುತ್ತಿದ್ದರು. ಕೆಳಗಿನ ಅಂಕಿ ಗಟ್ಟಿಯಾಗಿ ಓದಿದರು: "ಮೀಸಿ, ತೊಂಬತ್ತು. ಸಿಟ್ಟು, ತೊಂಬತ್ತೆಂಟು. ಕಡೀಕ ಕರಗೂದು, ನೂರಕ್ಕ ನೂರು."

ಎಲ್ಲಾ ಮುಗಿಯಿತು ಅಂತ ನಾನು ಕಣ್ಣು ಮುಚ್ಚಿದೆ.

ಅಷ್ಟು ಹೊತ್ತು ಸೆರಗು ಹೊದ್ದು ಸುಮ್ಮನೆ ಕೂತಿದ್ದ ಹುಡುಗನ ತಾಯಿ ಬಗ್ಗಿ ಕಾರ್ಡು ನೋಡಿದರು. "ಮೀಸಿ ಬರೋಬ್ಬರಿ ಐತಿ" ಅಂದರು. "ಸಿಟ್ಟೂ ಬರೋಬ್ಬರಿ ಐತಿ. ಆದ್ರ ಕಡೀಕ ಕರಗತಾರ ಅಂತ ನಿಮಗ ಯಾರು ಹೇಳಿದರ್ರಿ? ಲಗ್ನ ಆಗಿ ಮೂವತ್ತೆರಡು ವರ್ಷ ಆತು. ನಾ ಇನ್ನೂ ಆ ಕಡೀ ಮುಟ್ಟಿಲ್ಲ."

ಮೊದಲು ನಕ್ಕದ್ದು ನನ್ನ ಹೆಂಡತಿ. ತಡೆಯಲಿಕ್ಕೆ ಸೆರಗು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ. ಆಮೇಲೆ ಹುಡುಗ. ಆಮೇಲೆ ಮಗಳು, ಅಳುತ್ತಲೇ. ಆ ಮನುಷ್ಯ ಮಾತ್ರ ನಗಲಿಲ್ಲ. ಮಗನ ಕಡೆ ಕೈ ಚಾಚಿದರು.

"ಪೆನ್ ಕೊಡು."

ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು 'ಹುಡುಗಿಯ ಅಪ್ಪ' ಅಂತ ಇದ್ದದ್ದರಲ್ಲಿ 'ಹುಡುಗಿಯ' ಅನ್ನುವುದನ್ನು ಹೊಡೆದು ಹಾಕಿದರು. ಮೇಲೆ ದುಂಡಗೆ ಬರೆದರು: 'ಹುಡುಗನ'. ಬರೆದು ನನ್ನ ಮಗಳನ್ನು ಹತ್ತಿರ ಕರೆದರು. "ಅವ್ವಾ, ಅವಲಕ್ಕಿ ನೀ ಮಾಡಿದ್ದೇನು? ಇನ್ನೊಂದು ಸ್ವಲ್ಪ ಹಾಕು" ಅಂದರು.

ಅವಳು ಅಡಿಗೆಮನೆಗೆ ಓಡಿದಳು. ನನ್ನ ಕಣ್ಣು ತುಂಬಿ ಬಂತು. ಎದ್ದು ಅವರ ಎರಡೂ ಕೈ ಹಿಡಿದುಕೊಂಡೆ. "ತಪ್ಪಾತ್ರಿ ಬೀಗರ, ಮನಸ್ಸಿನಾಗ ಇಟ್ಕೋಬ್ಯಾಡ್ರಿ. ಸಿಟ್ಟಿನ ಮಾರ್ಕು ಕಡಿಮಿ ಮಾಡಿ, ಬ್ಯಾರೆ ಕಾರ್ಡ್ ಬರದು ಕೊಡತೀನಿ."

ಅವರು ಗಡಬಡಿಸಿ ಕೈ ಬಿಡಿಸಿಕೊಂಡು, ಕಾರ್ಡನ್ನು ಅಂಗಿಯ ಜೇಬಿಗೆ ಸೇರಿಸಿ ಮೇಲೆ ಅಂಗೈ ಇಟ್ಟುಕೊಂಡರು.

"ಏ, ಮುಟ್ಟಬ್ಯಾಡ್ರಿ ಅದನ್ನ! ಮೂರು ಸಲ ಮೆಟ್ರಿಕ್ ಕುಂತೇನಿ. ಯಾವ ವಿಷಯದಾಗೂ ಯಾವ ಮಾಸ್ತರನೂ ನನಗ ತೊಂಬತ್ತೆಂಟು ಕೊಟ್ಟಿದ್ದಿಲ್ಲ."